ಬರಮಾಡಿಕೊಂಡರು, ಆದರೆ ಮಾತಿಗೆ ಸಮಯ ಕೊಡಲಿಲ್ಲ

ಉಣುಗುಗಳಿಂದ ಹರಡುವ ಕಾಯಿಲೆಗಳನ್ನು ಕುರಿತು ಶಿವಮೊಗ್ಗದಲ್ಲಿ ಮೂರು ದಿನ ನಡೆದ ಅಂತರರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ನಾನು ಶುಲ್ಕ ತೆತ್ತು ಹೋಗಿದ್ದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ಇಂತಹ ಚರ್ಚೆಗೆ ಇದಕ್ಕಿಂತ ತಕ್ಕ ಊರಿಲ್ಲ. ಉಗಾಂಡ, ಇಥಿಯೋಪಿಯ ಮತ್ತು ನೇಪಾಳಗಳಿಂದ ಬಂದ ಮೂವರು ಸಂಶೋಧಕರನ್ನು ಸಂಘಟಕರು ಹೇಗೆ ನಡೆಸಿಕೊಂಡರು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಹಣಕಾಸಿನ ವ್ಯವಸ್ಥೆಗೆ ಪೂರ್ಣ ಅಂಕ ಕೊಡುತ್ತೇನೆ. ನೋಂದಣಿ ಶುಲ್ಕವನ್ನು ವಿಶ್ವ ಬ್ಯಾಂಕಿನ ವರಮಾನ ವರ್ಗೀಕರಣದ ಆಧಾರದಲ್ಲಿ ನಿಗದಿಪಡಿಸಿದ್ದರಿಂದ ಯಾರೂ ತಮ್ಮ ಬಡತನವನ್ನು ವಿವರಿಸಿ ವಿನಾಯಿತಿ ಬೇಡಬೇಕಾಗಲಿಲ್ಲ. ಮೊದಲು ಕೈಯಿಂದ ಖರ್ಚು ಮಾಡಿ, ಆಮೇಲೆ ರಸೀದಿ ಸಲ್ಲಿಸಿ ಹಣ ಪಡೆಯಿರಿ ಎನ್ನುವುದು ಸಾಮಾನ್ಯ ಪದ್ಧತಿ. ಆದರೆ ತಿಂಗಳುಗಟ್ಟಲೆ ಸಂಬಳ ಕೂಡಿಟ್ಟರೂ ವಿಮಾನದ ಟಿಕೆಟಿಗೆ ಸಾಲದವರಿಗೆ ಆ ಪದ್ಧತಿ ಬಾಗಿಲು ಮುಚ್ಚಿದಂತೆಯೇ ಸರಿ. ಇಲ್ಲಿ ಸಂಘಟಕರೇ ಟಿಕೆಟ್ ತೆಗೆಸಿದರು. ವೀಸಾಕ್ಕೆ ಬೇಕಾದ ಆಹ್ವಾನ ಪತ್ರವನ್ನು ತಿಂಗಳುಗಳ ಮೊದಲೇ ಕಳುಹಿಸಿದರು. ಉಗಾಂಡ, ಇಥಿಯೋಪಿಯಗಳಿಂದ ಬರುವವರು ಪೀತಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು, ಅದು ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ ಎಂಬುದನ್ನೂ ಆ ಪತ್ರದಲ್ಲೇ ತಿಳಿಸಿದ್ದರು. 2023ರಲ್ಲಿ ಆರಂಭವಾದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಹೊರದೇಶದಿಂದ ನೇರ ವಿಮಾನವಿಲ್ಲದ ಕಾರಣ ಬೆಂಗಳೂರಿಗೆ ಕಾರು ಕಳುಹಿಸಿದ್ದರು.

ಊಟದ ಬಗ್ಗೆ ಒಂದು ಮಾತು. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರಗಳ ಉಪವಾಸದಲ್ಲಿ ಹಾಲು, ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಅಡುಗೆಯವರು ಮೊದಲೇ ಕೇಳಿ ತಿಳಿದುಕೊಂಡು ತುಪ್ಪ ಸೋಕಿಸದ ಅಕ್ಕಿ ರೊಟ್ಟಿ, ಕಡುಬುಗಳನ್ನು ಬೇರೆಯೇ ತೆಗೆದಿರಿಸಿದ್ದು ನನಗೆ ತುಂಬ ಸಂತೋಷ ಕೊಟ್ಟಿತು.

ಇಷ್ಟು ಕಾಳಜಿ ವಹಿಸಿದವರು ಕಾರ್ಯಕ್ರಮದ ಪಟ್ಟಿಯಲ್ಲಿ ಎಡವಿದರು ಎಂಬುದೇ ನನ್ನ ನೋವು. ನೆರವು ಪಡೆದವರ ಗುರುತಿನ ಚೀಟಿಗೆ ಬೇರೆ ಬಣ್ಣವಿತ್ತು. ಅವರೆಲ್ಲರ ಪ್ರಬಂಧಗಳನ್ನು, ವಿಷಯ ಯಾವುದೆಂದು ನೋಡದೆ, ಕೊನೆಯ ಮಧ್ಯಾಹ್ನದ ಒಂದೇ ಗೋಷ್ಠಿಗೆ ತುಂಬಿದ್ದರು. ಆ ಹೊತ್ತಿಗೆ ಅರ್ಧ ಸಭೆ ಎದ್ದು ಹೋಗಿತ್ತು. ಅಧ್ಯಕ್ಷತೆ ವಹಿಸಿದವರು ಉಗಾಂಡದ ಪಶುವೈದ್ಯರನ್ನು ಪರಿಚಯಿಸುವಾಗ ಅವರ ಕೆಲಸಕ್ಕಿಂತ ಅವರಿಗೆ ಒದಗಿಸಿದ ನೆರವಿನ ಬಗ್ಗೆಯೇ ಹೆಚ್ಚು ಮಾತನಾಡಿ, ಬಳಿಕ 20 ನಿಮಿಷಗಳ ಭಾಷಣವನ್ನು ಹತ್ತಕ್ಕೆ ಇಳಿಸಿದರು.

ಆ ಹತ್ತು ನಿಮಿಷಗಳು ಇಡೀ ಸಂಕಿರಣದಲ್ಲಿ ನಾನು ಕಲಿತ ಮುಖ್ಯ ಪಾಠವಾದವು. ನಮ್ಮ ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬಿದ್ದರೆ ಮಂಗನ ಕಾಯಿಲೆಯ ಬಗ್ಗೆ ಊರಿಗೆ ಎಚ್ಚರಿಕೆ ಸಿಗುತ್ತದೆ. ಉಣುಗಿನಿಂದಲೇ ಹರಡುವ ಕ್ರಿಮಿಯನ್-ಕಾಂಗೊ ರಕ್ತಸ್ರಾವ ಜ್ವರದಲ್ಲಿ ಹಾಗಲ್ಲ. ವೈರಾಣು ಹೊತ್ತ ದನ ಆರೋಗ್ಯವಾಗಿಯೇ ಕಾಣುತ್ತದೆ, ಕಾಯಿಲೆ ಬೀಳುವುದು ಮನುಷ್ಯ. ಮುನ್ಸೂಚನೆಯೇ ಇಲ್ಲದ ಕಡೆ ದನಗಾಹಿಗಳನ್ನು ಹೇಗೆ ನಂಬಿಸಿ, ಹೇಗೆ ಜೊತೆಗೂಡಿಸಿಕೊಳ್ಳಬೇಕು ಎಂದು ಅವರು ವಿವರಿಸುತ್ತಿದ್ದಾಗಲೇ ಗಂಟೆ ಬಾರಿಸಿತು. ದರಗು (ಒಣ ಎಲೆ) ತರಲು ಕಾಡಿಗೆ ಹೋಗುವ ನಮ್ಮ ಜನರಿಗೆ ಉಣುಗು ಕಚ್ಚದಂತೆ ಡೀಪಾ ತೈಲ ಹಚ್ಚಿಕೊಳ್ಳುವಂತೆ ಮನವೊಲಿಸಲು ಹೆಣಗುವವರು ಕೇಳಲೇಬೇಕಾಗಿದ್ದ ಮಾತದು.

ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಸ್ಥಾಪಿಸಿದ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದಲ್ಲಿ, ಅಭಿವೃದ್ಧಿಶೀಲ ದೇಶಗಳ ವಿಜ್ಞಾನಿಗಳು ತಮ್ಮ ದೇಶದಲ್ಲೇ ಕೆಲಸ ಮಾಡುತ್ತ ಕೆಲವು ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ಬಂದು ಹೋಗುವ ಯೋಜನೆಯಿದೆ. ನಮ್ಮ ಸಂಘಟಕರೂ ಇದೇ ಮೂವರನ್ನು ಪುನಃ ಕರೆಯಲಿ, ಅವರ ಪ್ರಬಂಧಗಳನ್ನು ಆಯಾ ವಿಷಯದ ಗೋಷ್ಠಿಯಲ್ಲೇ ಇಡಲಿ, ಒಂದು ಗೋಷ್ಠಿಯ ಅಧ್ಯಕ್ಷತೆಯನ್ನೂ ಅವರಿಗೆ ವಹಿಸಲಿ. ಈ ಬಾರಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಉಗಾಂಡದ ಆ ಪಶುವೈದ್ಯರಿಗೆ ಪೂರ್ತಿ ಒಂದು ಗಂಟೆ ಕೊಡುವುದಾದರೆ ಮುಂದಿನ ವರ್ಷವೂ ಶುಲ್ಕ ಕಟ್ಟಿ ಹೋಗುತ್ತೇನೆ.