ಠೇವಣಿ ಕಾರ್ಡು, ಬಂಗಾರದ ಸಾಲ, ಅಂಗಡಿ ಕಂತು: ಕೆಟ್ಟ ಸಿಬಿಲ್ ಸರಿಪಡಿಸಿದ್ದು ಯಾವುದು?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹನ್ನೊಂದು ಹೊಲಿಗೆ ಯಂತ್ರಗಳಿದ್ದ ನನ್ನ ಜೀನ್ಸ್ ಘಟಕ 2020ರ ಲಾಕ್‌ಡೌನಿನಲ್ಲಿ ನಿಂತುಹೋಯಿತು. ಹೊರ ಊರಿನ ವ್ಯಾಪಾರಿಗಳಿಂದ ಬಾಕಿ ಬರಲಿಲ್ಲ, ಬ್ಯಾಂಕಿನ ಕಂತುಗಳು ತಪ್ಪಿದವು, ಮರುವರ್ಷ ಯಂತ್ರಗಳನ್ನು ಮಾರಿ ಬಂದ ಹಣದಲ್ಲಿ ಒಂದೇ ಗಂಟಿನ ಸೆಟ್ಲ್‌ಮೆಂಟ್ ಮಾಡಿಕೊಂಡೆ, ಅಂದರೆ ಪೂರ್ತಿ ಬಾಕಿಗಿಂತ ಕಡಿಮೆ ಮೊತ್ತಕ್ಕೆ ಬ್ಯಾಂಕನ್ನು ಒಪ್ಪಿಸಿ ಸಾಲ ಮುಗಿಸಿದೆ. ಊರವರು ಅದನ್ನು ದಿವಾಳಿ ಎಂದೇ ಕರೆದರು. ಕಾನೂನಿನ ದಿವಾಳಿ ಬೇರೆ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ಅದೂ 2019ರ ಡಿಸೆಂಬರಿನಿಂದ, ಜಾರಿಯಾಗಿದೆ. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವ ನನ್ನಂಥವರಿಗೆ ಉಳಿದಿರುವುದು 1920ರ ಹಳೆಯ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕುವುದು, ಇಲ್ಲವೇ ಬ್ಯಾಂಕಿನೊಡನೆ ಕುಳಿತು ಮಾತಾಡುವುದು.

2022ರಲ್ಲಿ ಸಿಬಿಲ್ ವರದಿ, ಅಂದರೆ ನಾವು ಸಾಲ ಪಡೆದು ತೀರಿಸಿದ್ದರ ದಾಖಲೆ, ತೆಗೆಸಿದಾಗ, 300ರಿಂದ 900ರವರೆಗಿನ ಅಳತೆಯಲ್ಲಿ ನನ್ನ ಅಂಕ 561 ಇತ್ತು. ಅದಕ್ಕಿಂತ ಹೆಚ್ಚು ಕಳವಳ ತಂದದ್ದು ಇನ್ನೊಂದು ಸಂಗತಿ: ಸೆಟ್ಲ್‌ಮೆಂಟ್ ಹಣ ಪೂರ್ತಿ ಕಟ್ಟಿ ಏಳು ತಿಂಗಳಾಗಿದ್ದರೂ ಆ ಖಾತೆಯ ಮುಂದೆ 2,14,000 ರೂಪಾಯಿ ಬಾಕಿ ಎಂದೇ ನಮೂದಾಗಿತ್ತು. ಬಾಕಿ ಇಲ್ಲ ಎಂಬ ಬ್ಯಾಂಕಿನ ಪತ್ರವನ್ನು ಲಗತ್ತಿಸಿ ತಕರಾರು ಸಲ್ಲಿಸಿದೆ. ಎರಡು ಸಲ ಬರೆದ ಮೇಲೆ ಬಾಕಿ ಸೊನ್ನೆಯಾಯಿತು. ಈಗ 30 ದಿನಗಳಲ್ಲಿ ತಕರಾರು ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ, ಅದು ಜಾರಿಗೆ ಬಂದದ್ದು 2024ರ ಏಪ್ರಿಲಿನಲ್ಲಿ. ಅಂಕ ಸರಿಪಡಿಸಲು ನಾನು ಹಿಡಿದ, ಮುಂದೆ ಹೇಳುವ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯುವವರಾದರೂ ಮೊದಲು ವರದಿ ನೋಡಿಕೊಳ್ಳಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಕೊಡುತ್ತವೆ, ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ.

ನಾನು ಮೊದಲು ಮಾಡಿದ್ದು ಅಂಗಡಿ ಕಂತು, ಮೂರರಲ್ಲಿ ನನಗೆ ನಷ್ಟ ತಂದದ್ದೂ ಅದೇ. 18,000 ರೂಪಾಯಿಯ ಫ್ರಿಜ್ಜಿಗೆ ಅಂಗಡಿಯವರು ಒಂದರ ಹಿಂದೊಂದು ಮೂರು ಫೈನಾನ್ಸ್ ಕಂಪನಿಗಳಿಗೆ ನನ್ನ ಪ್ಯಾನ್ ಸಂಖ್ಯೆ ಹಾಕಿದರು. ಎರಡು ತಿರಸ್ಕರಿಸಿದವು, ಮೂರನೆಯದು ಒಪ್ಪಿತು, ಮೂರು ಕಡೆ ಸಾಲ ಕೇಳಿದ ವಿಚಾರಣೆಗಳೂ ವರದಿಯಲ್ಲಿ ಕುಳಿತವು. ಬಡ್ಡಿಯಿಲ್ಲ ಎಂದರೂ ನಗದು ಕೊಟ್ಟಿದ್ದರೆ ಸಿಗುತ್ತಿದ್ದ 900 ರೂಪಾಯಿ ರಿಯಾಯಿತಿ ಹೋಯಿತು. ಕಂತು 2ನೇ ತಾರೀಖಿಗೆ ಕಡಿತವಾಗುತ್ತಿತ್ತು, ನನ್ನ ಕೈಗೆ ಕೂಲಿ ಹಣ ಬರುತ್ತಿದ್ದುದು 5ಕ್ಕೆ. ನಾಲ್ಕನೇ ತಿಂಗಳು ಒಂದು ಕಂತು ಬೌನ್ಸ್ ಆಯಿತು. ತಾರೀಖು ಹೊಂದದ ಕಂತನ್ನು ಯಾರೂ ತೆಗೆದುಕೊಳ್ಳಬಾರದು.

ಬಂಗಾರದ ಸಾಲ ಸಿಗುವುದು ಸುಲಭ, ಅಂಕ ಕಡಿಮೆಯಿದ್ದರೂ ಅಡವಿರುವುದರಿಂದ ಕೊಡುತ್ತಾರೆ. 2023ರಲ್ಲಿ ಮನೆಯವಳ ಬಳೆ, ಸರ ಸೇರಿ 24 ಗ್ರಾಂ ಇಟ್ಟು 90,000 ರೂಪಾಯಿ ತಂದೆ. ವರ್ಷದ ಕೊನೆಗೆ ಅಸಲು, ಬಡ್ಡಿ ಒಟ್ಟಿಗೆ ಕಟ್ಟುವ ಸಾಲವದು. ಆ ಹಣದಿಂದ ಬಟ್ಟೆ ದುರಸ್ತಿಯ ಸಣ್ಣ ಅಂಗಡಿ ಶುರುವಾಯಿತು, ಅದರ ಉಪಕಾರವನ್ನು ಮರೆಯಲಾರೆ. ಆದರೆ ಅಂಕ ಏರಿದ್ದು ಹತ್ತರ ಆಸುಪಾಸು ಮಾತ್ರ, ಮತ್ತು ವರ್ಷವಿಡೀ ಹರಾಜಿನ ಭಯ ಬಿಡಲಿಲ್ಲ. ಸಿರುಗುಪ್ಪದ ಮದುವೆಯೊಂದರಲ್ಲಿ ಅವಳು ಸೆರಗನ್ನು ಮುಂಗೈವರೆಗೆ ಎಳೆದುಕೊಂಡು ಕೂತಿದ್ದಳು; "ಮುಂದಿನ ಸಲ ಬ್ಯಾರೆ ಏನರ ನೋಡ್ರಿ" ಎಂದಷ್ಟೇ ಹೇಳಿದಳು. ದುಡಿಮೆಗೆ ಬಂಡವಾಳ ಬೇಕಾದವರಿಗೆ ಈ ದಾರಿ ಸರಿ, ಅಂಕಕ್ಕಾಗಿ ಮಾತ್ರ ಬಂಗಾರ ಇಡುವುದು ನನಗೆ ಒಪ್ಪಿಗೆಯಿಲ್ಲ.

ಕೆಲಸ ಮಾಡಿದ್ದು ಠೇವಣಿಯ ಮೇಲಿನ ಕ್ರೆಡಿಟ್ ಕಾರ್ಡ್. 25,000 ರೂಪಾಯಿಯ ಎಫ್‌ಡಿ ಇಟ್ಟೆ, 20,000ದ ಮಿತಿ ಕೊಟ್ಟರು, ಠೇವಣಿಯ ಬಡ್ಡಿ ಬರುತ್ತಲೇ ಇತ್ತು. ಅದರಲ್ಲಿ ಅಂಗಡಿಯ ಕರೆಂಟ್ ಬಿಲ್ಲು, ಫೋನ್ ರೀಚಾರ್ಜು, ನೂಲು ಮತ್ತು ಜಿಪ್ಪಿನ ಖರೀದಿ ಬಿಟ್ಟು ಬೇರೇನನ್ನೂ ಮಾಡಲಿಲ್ಲ. ಮಿತಿಯ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಂಡೆ. ಮೊದಲ ಬಿಲ್ಲಿನಲ್ಲಿ ಒಟ್ಟು 4,860 ರೂಪಾಯಿ, ಕೆಳಗೆ ಕನಿಷ್ಠ ಮೊತ್ತ 243 ಎಂದಿತ್ತು. 243 ಕಟ್ಟಿದರೆ ಖಾತೆ ಕೆಡುವುದಿಲ್ಲ ನಿಜ, ಆದರೆ ಉಳಿದದ್ದಕ್ಕೆ ತಿಂಗಳಿಗೆ ಸುಮಾರು ಮೂರೂವರೆ ಪರ್ಸೆಂಟಿನಂತೆ ಬಡ್ಡಿ ಏರುತ್ತದೆ, ನಮ್ಮ ಕಡೆಯ ಮೀಟರ್ ಬಡ್ಡಿಯ ನೆನಪಾಗುವಷ್ಟು. ಪ್ರತಿ ತಿಂಗಳೂ ಪೂರ್ತಿ ಮೊತ್ತವನ್ನು ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲೇ ಕಟ್ಟಿದೆ. ಒಂದೂವರೆ ವರ್ಷದಲ್ಲಿ ಅಂಕ 700 ದಾಟಿತು, 2025ರ ಕೊನೆಗೆ 738 ಆಯಿತು.

ಮನೆಯವಳ ಸ್ವಸಹಾಯ ಸಂಘದ ಸಾಲವನ್ನೂ ಕೆಲವರು ಸೂಚಿಸಿದ್ದರು. ಅದು ಅವಳ ಹೆಸರಿನ ದಾಖಲೆ, ನನ್ನದಲ್ಲ. ಸಾಹುಕಾರರ ಕೈಸಾಲವನ್ನು ಎಷ್ಟು ಪ್ರಾಮಾಣಿಕವಾಗಿ ತೀರಿಸಿದರೂ ಅದು ಯಾವ ವರದಿಯಲ್ಲೂ ಬರುವುದಿಲ್ಲ.

ಹಳೆಯ ಖಾತೆಯ ಮುಂದೆ ಸೆಟ್ಲ್ಡ್ ಎಂಬ ಪದ ಈಗಲೂ ಇದೆ. ಈ ವರ್ಷ ಎರಡು ಯಂತ್ರಗಳಿಗಾಗಿ ಸಾಲ ಕೇಳಲು ಹೋದಾಗ ಮ್ಯಾನೇಜರು ಮೊದಲು ಬೆರಳಿಟ್ಟಿದ್ದು ಅದರ ಮೇಲೆಯೇ. ಬಾಕಿ ಇಲ್ಲದ ಪತ್ರವನ್ನೂ ಕಾರ್ಡಿನ ಬಿಲ್ಲುಗಳನ್ನೂ ಮುಂದಿಟ್ಟೆ. ಕೇಳಿದ್ದು ಮೂರು ಲಕ್ಷ, ಮಂಜೂರಾದದ್ದು ಒಂದೂವರೆ. ಕಂತಿನ ತಾರೀಖನ್ನು ನಾನೇ ಕೇಳಿ 10ಕ್ಕೆ ಹಾಕಿಸಿಕೊಂಡೆ.