ಲಾಗಿನ್ ಟೆಸ್ಟಿಂಗ್‌ಗೆ ಪ್ಲೇರೈಟ್: ಮೂರು ವರ್ಷ ಬಳಸಿದ ಮೇಲೆ

ಕಾಸರಗೋಡಿನ ಬದಿಯಡ್ಕದ ಮನೆಯಲ್ಲೇ ಕೂತು ವೆಬ್‌ಸೈಟ್‌ಗಳ ಟೆಸ್ಟಿಂಗ್ ಮಾಡುವವಳು ನಾನು. ಮೂರು ವರ್ಷದಿಂದ ಹೆಚ್ಚುಕಮ್ಮಿ ದಿನವೂ ಬಳಸುವ ಟೂಲ್ ಪ್ಲೇರೈಟ್, ನಾವು ಬರೆದುಕೊಟ್ಟಂತೆ ಬ್ರೌಸರನ್ನು ತಾನೇ ಓಡಿಸಿ ಸೈಟ್ ಪರೀಕ್ಷಿಸುವಂಥದ್ದು. ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದದ್ದು. ದುಡ್ಡು ಕೊಡಬೇಕಾಗಿಲ್ಲ. ಲಾಗಿನ್ ಟೆಸ್ಟ್‌ಗೆ ಇದು ಹೇಗೆ ಅನ್ನುವುದನ್ನಷ್ಟೇ ಬರೆಯುತ್ತೇನೆ.

ಲಾಗಿನ್‌ನಲ್ಲಿ ಎರಡು ಬಗೆ. ಒಂದು, ಪುಟದೊಳಗೇ ಇರುವ ಫಾರ್ಮ್. ಇನ್ನೊಂದು, ಪುಟ ಕಾಣುವ ಮೊದಲೇ ಬ್ರೌಸರ್ ತಾನಾಗಿ ಮುಂದಿಡುವ ಸಣ್ಣ ಪೆಟ್ಟಿಗೆ. ಸರ್ವರ್ 401 ಅಂತ ಉತ್ತರ ಕೊಟ್ಟು ಗುರುತು ಕೇಳಿದಾಗ ಬರುವುದು ಅದು. ಪುಟದ ಎಚ್‌ಟಿಎಂಎಲ್‌ನಲ್ಲಿ ಆ ಪೆಟ್ಟಿಗೆ ಇರುವುದೇ ಇಲ್ಲ. ಹುಡುಕಿ ಕ್ಲಿಕ್ ಮಾಡು ಅಂದರೆ ಎಲ್ಲಿ ಸಿಗಬೇಕು? ಮೊದಲೆಲ್ಲ ನಾನು ವಿಳಾಸದೊಳಗೇ ಯೂಸರ್‌ನೇಮ್, ಪಾಸ್‌ವರ್ಡ್ ಸೇರಿಸುತ್ತಿದ್ದೆ. ಪಾಸ್‌ವರ್ಡ್‌ನಲ್ಲಿ @ ಇದ್ದರೆ %40 ಅಂತ ಬರೆಯಬೇಕು. ಮರೆತರೆ ಅರ್ಧ ದಿನ ಸುಮ್ನೆ ಹಾಳು. ಲಾಗ್ ಫೈಲಿನಲ್ಲಿ ಪಾಸ್‌ವರ್ಡ್ ಹಾಗೇ ಕಾಣುತ್ತಿತ್ತು, ಅದು ಬೇರೆ ಭಯ.

ಪ್ಲೇರೈಟ್‌ನಲ್ಲಿ ‘ಎಚ್‌ಟಿಟಿಪಿ ಕ್ರೆಡೆನ್ಶಿಯಲ್ಸ್’ ಅಂತ ಒಂದು ಸೆಟ್ಟಿಂಗ್ ಉಂಟು. ಅಲ್ಲಿ ಒಮ್ಮೆ ಬರೆದಿಟ್ಟರೆ ಸಾಕು, ಸರ್ವರ್ ಕೇಳಿದಾಗ ಟೂಲೇ ಕೊಡುತ್ತದೆ. ಪೆಟ್ಟಿಗೆ ಬರುವುದೇ ಇಲ್ಲ. ಅದರ ಜೊತೆಗೆ ‘ಒರಿಜಿನ್’ (ಯಾವ ಸೈಟಿಗೆ ಮಾತ್ರ ಕೊಡಬೇಕೋ ಅದರ ವಿಳಾಸ) ಅನ್ನುವುದನ್ನೂ ತಪ್ಪದೆ ತುಂಬಿ. ಇಲ್ಲದಿದ್ದರೆ 401 ಅಂದ ಯಾವ ಸರ್ವರ್‌ಗೂ ನಿಮ್ಮ ಪಾಸ್‌ವರ್ಡ್ ಹೋಗುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ. ಅಡಿಕೆ ಬೆಳೆಗಾರರ ಒಂದು ಸೊಸೈಟಿಯ ಸೈಟ್ ನನ್ನ ಕೈಯಲ್ಲಿತ್ತು. ಸದಸ್ಯರ ಲೆಕ್ಕದ ಪುಟಕ್ಕೆ ಇದೇ ಪೆಟ್ಟಿಗೆಯ ಬೀಗ. ದಿನವೂ ಬೆಳಿಗ್ಗೆ ಟೆಸ್ಟ್ ಓಡುತ್ತಿತ್ತು, ಎಲ್ಲವೂ ಹಸಿರು, ಅಂದರೆ ಪಾಸ್. ಒಂದು ದಿನ ಅಲ್ಲಿನ ಕ್ಲರ್ಕ್ ಹುಡುಗಿ ಫೋನ್ ಮಾಡಿದಳು. “ಅಕ್ಕಾ, ಈಗ ಪಾಸ್‌ವರ್ಡ್ ಕೇಳುವುದೇ ಇಲ್ಲ. ಸೀದಾ ಒಳಗೆ ಹೋಗ್ತದೆ. ಹೀಗೆ ಆಗ್ಬಹುದಾ?” ನನಗೆ ಕೈಕಾಲು ತಣ್ಣಗಾಯಿತು. ಸರ್ವರ್ ಬದಲಾಯಿಸುವಾಗ ಬೀಗ ಬಿಟ್ಟುಹೋಗಿತ್ತು. ನನ್ನ ಟೆಸ್ಟ್ ಕೀಲಿ ಹಿಡಿದುಕೊಂಡೇ ಹೋಗುತ್ತಿತ್ತು. ಬಾಗಿಲು ತೆರೆದೇ ಇದ್ದರೆ ಕೀಲಿ ಬೇಕಾಗಲಿಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಪುಟ ಕಂಡಿತು, ಪಾಸ್ ಆಯಿತು. ಊರಿನವರ ಬಾಕಿ, ಸಾಲ ಎಲ್ಲ ಇದ್ದ ಪುಟ ಅದು.

ಆವತ್ತಿನಿಂದ ಕೀಲಿ ಇಲ್ಲದ ಟೆಸ್ಟನ್ನೇ ನಾನು ಮೊದಲು ಬರೆಯುವುದು. ಪ್ಲೇರೈಟ್‌ನ ರಿಕ್ವೆಸ್ಟ್ ಸೌಲಭ್ಯದಿಂದ ಪಾಸ್‌ವರ್ಡ್ ಕೊಡದೆ ಪುಟ ಕೇಳುತ್ತೇನೆ, 401 ಬರಲೇಬೇಕು. ತಪ್ಪು ಪಾಸ್‌ವರ್ಡ್‌ಗೂ 401. ಉತ್ತರದಲ್ಲಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಅಥೆಂಟಿಕೇಟ್’ ಹೆಡರ್ (ಉತ್ತರದ ಜೊತೆ ಬರುವ ಸೂಚನೆಯ ಸಾಲು) ಇದೆಯಾ ಅಂತಲೂ ನೋಡುತ್ತೇನೆ. ಅದಿಲ್ಲದೆ ಬ್ರೌಸರ್ ಪೆಟ್ಟಿಗೆ ತೋರಿಸುವುದಿಲ್ಲ. ಆಮೇಲೆಯೇ ಸರಿಯಾದ ಪಾಸ್‌ವರ್ಡ್. ಇಷ್ಟಾದರೂ ಪೆಟ್ಟಿಗೆ ಜನರ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಸಲ ಮೊಬೈಲ್‌ನಲ್ಲಿ ಕೈಯಾರೆ ತೆರೆದು ನೋಡುತ್ತೇನೆ.

ಫಾರ್ಮ್ ಲಾಗಿನ್‌ನಲ್ಲಿ ನಮ್ಮ ಕಾಸರಗೋಡಿನ ತಲೆನೋವು ಬೇರೆಯೇ. ಇಲ್ಲಿನ ಸೈಟ್‌ಗಳಲ್ಲಿ ಕನ್ನಡ, ಮಲಯಾಳ ಎರಡೂ ಬೇಕು. ಲೇಬಲ್ ನೋಡಿ ಹುಡುಕು ಅಂದರೆ ‘ಪಾಸ್‌ವರ್ಡ್’ ಮತ್ತು ‘ಪಾಸ್ವರ್ಡ್’ ಟೂಲ್‌ಗೆ ಬೇರೆ ಬೇರೆ ಪದ. ಮಲಯಾಳದ ಚಿಲ್ಲು ಅಕ್ಷರಗಳದ್ದು (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳು) ಇನ್ನೂ ಕಷ್ಟ. 2008ರಲ್ಲಿ ಯೂನಿಕೋಡ್ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಡುವ ವ್ಯವಸ್ಥೆ) ಅವುಗಳಿಗೆ ಬೇರೆ ಕೋಡ್ ಕೊಟ್ಟಿತು, ಹಳೆಯ ರೀತಿಯ ಬರವಣಿಗೆಯೂ ಉಳಿಯಿತು. ಕಣ್ಣಿಗೆ ಎರಡೂ ಒಂದೇ, ಟೆಸ್ಟ್ ಮಾತ್ರ ಫೇಲ್. ಹಾಗಾಗಿ ಫಾರ್ಮ್‌ನ ಖಾನೆಗಳಿಗೆ ಟೆಸ್ಟ್ ಐಡಿ, ಅಂದರೆ ಭಾಷೆ ಬದಲಾದರೂ ಬದಲಾಗದ ಗುರುತಿನ ಹೆಸರು, ಹಾಕಿಸಿಕೊಳ್ಳಿ. ಲೇಬಲ್ ಸರಿ ಇದೆಯಾ ಅಂತ ನೋಡಲು ಬೇರೆ ಟೆಸ್ಟ್ ಇರಲಿ.

ಒಮ್ಮೆ ಲಾಗಿನ್ ಆದದ್ದನ್ನು ಫೈಲಿನಲ್ಲಿ ಉಳಿಸಿ ಮತ್ತೆ ಬಳಸುವ ‘ಸ್ಟೋರೇಜ್ ಸ್ಟೇಟ್’ ತುಂಬ ಒಳ್ಳೆಯದು. ಸಮಯ ಬಹಳ ಉಳಿಯುತ್ತದೆ. ಆ ಫೈಲ್ ಸಿಕ್ಕವರು ನಿಮ್ಮ ಹೆಸರಲ್ಲಿ ಒಳಗೆ ಹೋಗಬಹುದು, ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಗೆ ಹಾಕಬೇಡಿ.

ಇನ್ನೊಂದು, ಟೂಲ್ ಅಪ್‌ಡೇಟ್ ಮಾಡಿದಾಗ ಅದರ ಬ್ರೌಸರ್‌ಗಳನ್ನೂ ಹೊಸದಾಗಿ ಇಳಿಸಿಕೊಳ್ಳಬೇಕಾಗುತ್ತದೆ. ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರೂ ಸೇರಿದರೆ ಡೇಟಾ ಜಾಸ್ತಿ. ಜೂನ್ ಮಳೆಯಲ್ಲಿ ನಮ್ಮಲ್ಲಿ ಕರೆಂಟ್, ನೆಟ್ ಎರಡನ್ನೂ ನಂಬುವಂತಿಲ್ಲ, ಅಲ್ವಾ? ಕ್ರೋಮಿಯಂ ಒಂದನ್ನೇ ಇಳಿಸಲು ಅವಕಾಶ ಉಂಟು. ಉಳಿದ ಎರಡನ್ನು ನಾನು ಮೇ ತಿಂಗಳಲ್ಲೇ ಇಳಿಸಿಟ್ಟು, ಮಳೆ ಬಿಡುವವರೆಗೆ ಅಪ್‌ಡೇಟ್ ಮಾಡುವುದಿಲ್ಲ.