ಆಪ್ಷನ್ನೋ, ಡಿಎಫ್‌ಎನೋ: 26ನೇ ಜಾಗಕ್ಕಾಗಿ ಯಾರನ್ನು ಇಳಿಸಬೇಕು?

ಮೇಜರ್ ಲೀಗ್ ಬೇಸ್‌ಬಾಲ್ ತಂಡದ ಸಕ್ರಿಯ ಪಟ್ಟಿಯಲ್ಲಿ 26 ಜನ, ಅದರಲ್ಲಿ ಚೆಂಡೆಸೆಯುವ ಪಿಚರ್‌ಗಳು 13 ದಾಟುವಂತಿಲ್ಲ. ಗಾಯ ಮಾಗಿ ಒಬ್ಬ ಮರಳಿದರೆ ಇನ್ನೊಬ್ಬ ಇಳಿಯಲೇಬೇಕು.

ಆಪ್ಷನ್ (ಬೇರೆ ತಂಡಗಳಿಗೆ ಬಿಟ್ಟುಕೊಡದೆ ಕೆಳಗಿಳಿಸುವ ಅವಕಾಶ) ಉಳಿದಿರುವವನನ್ನು ಕೆಳಹಂತದ ಮೈನರ್ ಲೀಗಿಗೆ ಕಳಿಸಿದರೆ 40ರ ಪಟ್ಟಿಯಲ್ಲಿ (ಸಕ್ರಿಯ 26 ಜನರೂ ಸೇರಿದ ತಂಡದ ದೊಡ್ಡ ಪಟ್ಟಿ) ಉಳಿಯುತ್ತಾನೆ, ಬೇರೆ ತಂಡ ಕೈಹಾಕುವಂತಿಲ್ಲ. ಆದರೆ ಮರುದಿನವೇ ಕರೆಸಲಾಗದು: ಬ್ಯಾಟರ್ 10 ದಿನ, ಪಿಚರ್ 15 ದಿನ ಅಲ್ಲಿರಬೇಕು. ಗಾಯಾಳುವಿನ ಬದಲಿಗೆ ಕರೆಸುವುದಾದರೆ ವಿನಾಯಿತಿಯುಂಟು. ಒಂದು ಋತುವಿನಲ್ಲಿ ಒಬ್ಬನನ್ನು ಹೀಗೆ ಕೆಳಗೆ ಕಳಿಸುವುದು ಐದೇ ಸಲ.

ಡಿಎಫ್‌ಎ (ಡೆಸಿಗ್ನೇಟೆಡ್ ಫಾರ್ ಅಸೈನ್‌ಮೆಂಟ್, ಅಂದರೆ ಆಟಗಾರನನ್ನು ಪಟ್ಟಿಯಿಂದಲೇ ತೆಗೆಯುವುದು) ಮಾಡಿದರೆ 40ರ ಪಟ್ಟಿಯಲ್ಲೂ ಜಾಗ ತಕ್ಷಣ ತೆರವು. ಆಮೇಲೆ ಏಳು ದಿನದಲ್ಲಿ ಇತ್ಯರ್ಥ: ಟ್ರೇಡ್ (ಬೇರೆ ತಂಡದೊಡನೆ ವಿನಿಮಯ), ವೇವರ್ಸ್ (ಬೇರೆ ತಂಡಗಳು ಎತ್ತಿಕೊಳ್ಳಲು ಬಿಡುವುದು) ಅಥವಾ ಬಿಡುಗಡೆ. ವೇವರ್ಸ್‌ನಲ್ಲಿ ಯಾರೂ ಎತ್ತಿಕೊಳ್ಳದಿದ್ದರೂ, ಮೂರು ವರ್ಷ ಸೇವೆ ಮುಗಿಸಿದವನು ಮೈನರ್ ಲೀಗಿಗೆ ಒಲ್ಲೆ ಎನ್ನಬಹುದು.

ಎರಡು ವಾರ ಚೆನ್ನಾಗಿ ಎಸೆದ ಹುಡುಗನಿಗಾಗಿ ಆಪ್ಷನ್ ಮುಗಿದ, ಪಂದ್ಯದ ನಡುವೆ ಬಂದು ಎಸೆಯುವ ಎಡಗೈ ರಿಲೀವರ್‌ನನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಹುಡುಗನನ್ನು ಕೆಳಗೆ ಕಳಿಸಿದರೂ 15 ದಿನ ಕಳೆದ ಮೇಲೆ ಕರೆಸಬಹುದು. ಟ್ರೇಡ್ ಗಡುವು ದಾಟಿದ ಮೇಲೆ ಅಂಥ ಎಡಗೈಯವನು ಸಿಗುವುದು ಬಲು ಕಷ್ಟ. 40ರ ಪಟ್ಟಿಯೂ ತುಂಬಿ ಹೊಸಬನನ್ನು ಸೇರಿಸಬೇಕಿದ್ದರೆ ಆಪ್ಷನ್ ಸಾಲದು. ಆಗಲೂ ಮೊದಲು ದೀರ್ಘ ಗಾಯದವರನ್ನು 60 ದಿನದ ಗಾಯಾಳು ಪಟ್ಟಿಗೆ ಹಾಕಲಾದೀತೇ ನೋಡಿ. ಅದರಿಂದಲೂ ಜಾಗ ತೆರವಾಗುತ್ತದೆ.